ಸೂಜಿ ತಾಕದ ಮೂರು ಹಸುಗಳು

"ಯಾರ್ರೀ ಅದು?! ಹಿಂಡಿ ನೆನೆಸೋ ಬಕೆಟ್‌ನಲ್ಲಿ ಬೂಟುಗಾಲು ಇಟ್ಟಿರೋದು?!"

ತಲೆಯ ಮೇಲೆ ಹುಲ್ಲಿನ ಹೊರೆ ಇದ್ದ ಹಾಗೇ ಅವಳು ಕೂಗಿದಳು.

ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದವನು ಬೆಚ್ಚಲಿಲ್ಲ, ಬೆದರಲಿಲ್ಲ. ಹೆಗಲಲ್ಲಿ ನೀಲಿ ಐಸ್ ಪೆಟ್ಟಿಗೆ. ಒಂದು ಕಾಲು ಬಕೆಟ್ಟಿನೊಳಗೆ, ಇನ್ನೊಂದು ಹೊರಗೆ. ಥೇಟ್ ಕೊಕ್ಕರೆ!

"ಬಕೆಟ್ ನನ್ನದೇ. ಬಟ್ಟೆ ಒಗೆಯೋ ಸೋಡಾ ಕಲಸಿದ ನೀರು. ಬೆಳಿಗ್ಗೆಯಿಂದ ಎಂಟು ಕೊಟ್ಟಿಗೆ ತುಳಿದು ಬಂದಿದ್ದೀನಿ. ಆ ಎಂಟರ ಕೊಳೆ ನಿಮ್ಮನೆಗೂ ತರೋದು ಬೇಡ ಅಂತ ತೊಳೀತಿದ್ದೀನಿ."

"ಓ... ಲಸಿಕೆ ಹಾಕೋರಾ?"

"ಹೌದು. ಈಗ ನೀವೂ ಕಾಲು ಅದ್ದಿ."

"ನಾನಾ? ನಮ್ಮ ಕೊಟ್ಟಿಗೆಗೆ ಹೋಗೋಕೆ ನಾನ್ಯಾಕೆ?"

"ಹುಲ್ಲು ಎಲ್ಲಿ ಕುಯ್ದಿದ್ದು?"

"ಗಿರಣಿ ತಾತನ ಕೊಟ್ಟಿಗೆ ಹಿಂದೆ."

"ಹಾಗಾದ್ರೆ ಅದ್ದಿ. ದನದ ರೋಗಕ್ಕೆ ಕಾಲಿಲ್ಲ, ನಮ್ಮ ಕಾಲಲ್ಲೇ ನಡೀತದೆ."

ಸೋಲೊಪ್ಪುವ ಜಾಯಮಾನ ಅವಳದಲ್ಲ. ಆದರೂ ಯಾಕೋ ಒಂದು ಕಾಲು ಎತ್ತಿದಳು. ಹೊರೆ ವಾಲಿತು. ಅವನು ಹಿಡಿಯಲು ಕೈ ಚಾಚಿದ. ಹೊರೆ ಪೂರ್ತಿಯಾಗಿ ಅವನ ತಲೆಯ ಮೇಲೇ ಬಿತ್ತು!

ಹುಲ್ಲಿನೊಳಗಿಂದ ಎರಡು ಕಣ್ಣುಗಳು ನಗುತ್ತಿದ್ದವು. ಅವಳ ಎದೆಯಲ್ಲಿ ಏನೋ ಒಂದು ಲಯ ತಪ್ಪಿತು...

ಒಳಗಿದ್ದ ಸೋದರತ್ತೆ ನಗು ತಡೆಯಲಾರದೆ, "ಪುಟ್ಟೀ, ಸೂಜಿಯಪ್ಪನಿಗೆ ಹುಲ್ಲು ಆಮೇಲೆ ತಿನ್ನಿಸು. ಮೊದಲು ಹಸು ಹಿಡ್ಕೊ ಬಾ" ಅಂದರು.

ಅಂದಿನಿಂದ ಅವನ ಹೆಸರು ಆ ಮನೆಯಲ್ಲಿ ಸೂಜಿಯಪ್ಪ ಎಂದೇ ಆಯಿತು.

ಅವತ್ತು ಒಂಬತ್ತು ಹಸುಗಳಲ್ಲಿ ಆರಕ್ಕೆ ಮಾತ್ರ ಅವನು ಲಸಿಕೆ ಹಾಕಿದ. ಕಪ್ಪಿ, ಬಿಳಿಕಾಲಿ, ಸೊಟ್ಟಕೊಂಬಿ ಮೂರೂ ತುಂಬು ಗಬ್ಬದವು. "ಇವು ಈ ಸಲ ಬೇಡ. ಆರು ತಿಂಗಳಿಗೆ ಮುಂದಿನ ಸುತ್ತು ಬರುತ್ತೆ. ಆಗ ಮರೀಬಾರದು" ಎಂದು ಹೇಳಿ ಹೋದ.

ಹೋದವನು ಆರು ತಿಂಗಳು ಕಾಯಲಿಲ್ಲ ಬಿಡಿ!

ಒಂದು ವಾರ ಕರುವಿನ ಭೇದಿಗೆ ಔಷಧ ತಂದ. ಇನ್ನೊಂದು ವಾರ, ಹಸುಗಳು ಗೋಡೆ ನೆಕ್ಕುತ್ತಿದ್ದುದನ್ನು ನೋಡಿ, "ಸುಣ್ಣದ ಆಸೆಗಲ್ಲ, ಮೈಯಲ್ಲಿ ಖನಿಜ ಕಮ್ಮಿ" ಎಂದು ಪುಡಿಯ ಪೊಟ್ಟಣ ತಂದುಕೊಟ್ಟು, ದಿನಕ್ಕೊಂದು ಹಿಡಿ ಹಿಂಡಿಯಲ್ಲಿ ಕಲಸಿ ಕೊಡಲು ಹೇಳಿದ. ಆಮೇಲಾಮೇಲೆ ಏನೂ ತರದೆಯೂ ಬಂದ.

ಅವಳು ಮೇವು ಹಾಕುವುದನ್ನು ನೋಡುತ್ತಾ ನಿಲ್ಲುವುದು ಅವನಿಗೆ ಇಷ್ಟ. ಮೊದಲು ಒಣಹುಲ್ಲು, ಅದು ಅರ್ಧ ಹೊಟ್ಟೆಗಿಳಿದ ಮೇಲೆ ಹಸಿಮೇವು. ಹಸಿದ ಹೊಟ್ಟೆಗೆ ಬರೀ ಹಸಿ ಹಾಕಿದರೆ ಉಬ್ಬರ ಬರುತ್ತದೆ ಅಂತ ಯಾವ ಪುಸ್ತಕವೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ದಂಟನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸುತ್ತಿದ್ದಳು. ಗೋದಲಿಯಲ್ಲಿ ಒಂದು ಕಡ್ಡಿ ಉಳಿಯುತ್ತಿರಲಿಲ್ಲ.

"ನಿಮ್ಮ ಕೈಯಲ್ಲಿ ಮೇವು ತಿನ್ನೋಕಾದ್ರೂ ಹಸುವಾಗಿ ಹುಟ್ಟಬೇಕಿತ್ತು" ಅಂದನೊಮ್ಮೆ.

"ಹುಟ್ಟಿದ್ರೆ ಎತ್ತಾಗಿ ಹುಟ್ಟುತ್ತಿದ್ರಿ. ಮಾರಿಬಿಡ್ತಿದ್ದೆ!" ಅಂದಳು. ಅಂದು ಓಡಿದಳು. ಕೆನ್ನೆ ಕಾದ ಹೆಂಚಾಗಿತ್ತು.

ಇಷ್ಟೆಲ್ಲ ಒಳ್ಳೆಯವಳಾದ ಹುಡುಗಿಗೆ ಒಂದೇ ಒಂದು ಹುಚ್ಚು. ಡೇರಿಯ ಸಾಲಿನಲ್ಲಿ ಮೊದಲ ಜಾಗ!

ಆ ಊರಿನ ಡೇರಿಯಲ್ಲೊಂದು ರೂಢಿ. ಹಿಂದಿನ ದಿನ ಯಾರ ಹಾಲು ಹೆಚ್ಚೋ, ಮರುದಿನ ಅವರ ಕ್ಯಾನು ಸಾಲಿನಲ್ಲಿ ಮೊದಲು. ಆ ಮೂರು ಹಸು ಕರು ಹಾಕಿ, ಆ ಕರುಗಳು ನೆಂಟರ ಕೊಟ್ಟಿಗೆ ಸೇರಿದ ಮೇಲೆ ಅವಳ ಕ್ಯಾನು ಮುಂದೆ ಹೋಗಿ ಕೂತಿದ್ದು ಕದಲಿರಲಿಲ್ಲ. ಎಂಬತ್ತೊಂಬತ್ತು ದಿನ! ನೂರು ದಿನ ಯಾರೂ ನಿಂತವರಿಲ್ಲ.

ಇಂಥ ಹೊತ್ತಿನಲ್ಲಿ ಎರಡನೇ ಸುತ್ತಿನ ಲಸಿಕೆ ಬಂತು.

ಆರು ಹಸುಗಳಿಗೆ ಸೂಜಿ ಚುಚ್ಚಿ ಅವನು ಕಪ್ಪಿಯ ಕಡೆ ತಿರುಗಿದ. ಅವಳು ಅಡ್ಡ ನಿಂತಳು.

"ಈ ಮೂರು... ಇವತ್ತು ಬೇಡ."

"ಯಾಕೆ?"

"ಹಾಲು ಇಳಿಯುತ್ತೆ."

"ಎರಡು ಮೂರು ದಿನ, ಅಷ್ಟೇ. ಹೋದ ಸಲವೂ ಬಿಟ್ಟಿದ್ದೀವಿ. ಇವಕ್ಕೆ ಕಾಲುಬಾಯಿ ಜ್ವರ ಬಂದ್ರೆ ತಡೆಯೋಕೆ ಮೈಯಲ್ಲಿ ಏನೂ ಇಲ್ಲ ರೀ."

"ನಾಳೆ ನಾನೇ ಆಸ್ಪತ್ರೆಗೆ ಹೊಡ್ಕೊಂಡು ಬರ್ತೀನಿ. ಇವತ್ತು ಒಂದು ದಿನ ಬಿಡಿ... ನನಗೋಸ್ಕರ."

ನನಗೋಸ್ಕರ!

ಆ ಮಾತು ಬಾಯಿಂದ ಬಿದ್ದಾಗ ಅವಳ ಮನಸ್ಸು ಎಣಿಸುತ್ತಿದ್ದದ್ದು ಒಂದು ದಿನವನ್ನಲ್ಲ, ಹನ್ನೊಂದು ದಿನವನ್ನು. ಅದು ಅವಳಿಗೆ ಗೊತ್ತಿತ್ತು.

ಅವನು ಅವಳ ಮುಖ ನೋಡಿದ. ಆ ಸಂಜೆಯೇ ಒಪ್ಪಿಸಬೇಕಾದ ಲಸಿಕೆ ಪುಸ್ತಕ ತೆಗೆದ. ಆರು ಎಂದು ಬರೆಯಬೇಕಾದಲ್ಲಿ ಒಂಬತ್ತು ಎಂದು ಬರೆದ.

"ನಾಳೆ ಬರ್ತೀರಲ್ಲ?"

"ಬರ್ತೀನಿ."

ಅವಳು ಹೋಗಲಿಲ್ಲ.

ಮರುದಿನ ಸಂಜೆ ಅವನೇ ಬಂದ. ಅವಳು ಮೇವಿನ ಕೋಣೆಯ ಬಾಗಿಲ ಹಿಂದೆ ಅಡಗಿ, "ಇಲ್ಲ ಅಂತ ಹೇಳಿ ಅತ್ತೆ" ಎಂದು ಪಿಸುಗುಟ್ಟಿದಳು. ಎರಡು ದಿನ ಬಿಟ್ಟು ಮತ್ತೆ ಬಂದ. ಮತ್ತೆ ಇಲ್ಲ. ಮೂರನೆಯ ಸಲ ಅತ್ತೆ ಸುಳ್ಳು ಹೇಳಲು ಒಪ್ಪಲಿಲ್ಲ, ಸುಮ್ಮನೆ ಬಾಗಿಲ ಕಡೆ ನೋಡಿದರು. ಅವನೂ ಆ ಬಾಗಿಲನ್ನೇ ನೋಡಿ ಹೊರಟುಹೋದ.

ನೂರನೇ ದಿನ ಡೇರಿಯಲ್ಲಿ ಚಪ್ಪಾಳೆ ಬಿತ್ತು. ಅವಳು ನಕ್ಕಳು. ಆ ನಗು ಅವಳಿಗೇ ರುಚಿಸಲಿಲ್ಲ. 'ಇನ್ನು ನಾಳೆ ಹೋಗ್ತೀನಿ... ಖಂಡಿತ' ಅಂದುಕೊಂಡಳು. ಇಷ್ಟು ದಿನ ಕಳೆದ ಮೇಲೆ ಯಾವ ಮುಖ ಹೊತ್ತು ಹೋಗುವುದು? ನಾಚಿಕೆ ಇನ್ನೂ ಒಂದು ವಾರ ತಿಂದಿತು.

ಎಂಟನೇ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ 'ಚಪ್... ಚಪ್...' ಎಂಬ ಸದ್ದು.

ಕಪ್ಪಿ ಬಾಯಿ ಚಪ್ಪರಿಸುತ್ತಿತ್ತು. ತುಟಿಯಿಂದ ಜೊಲ್ಲು ನೂಲಿನಂತೆ ನೆಲದವರೆಗೆ ಇಳಿದಿತ್ತು. ಬಾಯಿ ಬಿಡಿಸಿ ನೋಡಿದರೆ ನಾಲಗೆಯ ಮೇಲೆ ಹುಣ್ಣು! ಬಿಳಿಕಾಲಿ ಒಂದು ಕಾಲು ಎತ್ತಿ ನಡುಗುತ್ತಿತ್ತು. ಸೊಟ್ಟಕೊಂಬಿ ಏಳಲೇ ಇಲ್ಲ.

ಮೂರೇ ಮೂರು. ಅದೇ ಮೂರು!

ಅದೇ ಗೋದಲಿಯಲ್ಲಿ ತಿಂದು, ಅದೇ ನೀರು ಕುಡಿದ ಉಳಿದ ಆರು ಹಸುಗಳು ತಣ್ಣಗೆ ಮೆಲುಕು ಹಾಕುತ್ತಿದ್ದವು. ಅವುಗಳ ಕಣ್ಣು ನೋಡಲು ಅವಳಿಗೆ ಆಗಲಿಲ್ಲ.

ನಾಲ್ಕು ದಿನಕ್ಕೆ ಪಕ್ಕದ ಗಿರಣಿ ತಾತನ ಮನೆಗೆ ರೋಗ ದಾಟಿತು. ತಾತನ ದೊಡ್ಡ ಹಸುಗಳಿಗೆ ಸೂಜಿಯ ರಕ್ಷೆ ಇತ್ತು, ತಡೆದವು. ಆದರೆ ಎಳೆಗರುಗಳಿಗೆ ಆ ಲಸಿಕೆ ಹಾಕುವುದಿಲ್ಲ. ಎರಡು ಕರು. ಒಂದು ಬೆಳಿಗ್ಗೆ ಹಾಲು ಕುಡಿಯುತ್ತಾ ಕುಡಿಯುತ್ತಾ ಬಿದ್ದು ಸತ್ತಿತು. ಇನ್ನೊಂದು ಮಧ್ಯಾಹ್ನ.

ತಾತ ಅಳಲಿಲ್ಲ. ಕರುಗಳ ಹಗ್ಗ ಸುತ್ತಿ ಗಿರಣಿಯ ಮೊಳೆಗೆ ನೇತುಹಾಕಿದರು. ಅಷ್ಟೇ. ಅದನ್ನು ಅವಳು ಗೋಡೆಯ ಈಚೆಯಿಂದ ನೋಡಿದಳು.

ಡೇರಿಯ ತಗಡಿನ ಚಪ್ಪರದಡಿ ಸಭೆ ಸೇರಿತು.

"ಒಂಬತ್ತಕ್ಕೂ ಹಾಕಿದ್ದು ಅಂತ ಪುಸ್ತಕದಲ್ಲಿದೆ. ಮೂರು ಹೇಗೆ ಬಿದ್ವು?" "ಔಷಧ ಅಲ್ಲ ಸ್ವಾಮಿ, ನೀರು ಚುಚ್ಚಿದ್ದಾನೆ!" "ಪೆಟ್ಟಿಗೇಲಿ ಐಸೇ ಇರಲಿಲ್ವಂತೆ!" "ನಮ್ಮ ಆ ಕಡೆ ಬೀದಿಗೆ ಈ ಸಲದ ಸೂಜಿ ಇನ್ನೂ ಬಂದಿಲ್ಲ, ಇವನು ಅಲ್ಲಿ ಕಾಲಿಡೋದೂ ಬೇಡ. ನಮ್ಮ ದನ ನಾವು ನೋಡ್ಕೋತೀವಿ!"

ಆಸ್ಪತ್ರೆಯ ದೊಡ್ಡ ಡಾಕ್ಟರು ಅವನತ್ತ ತಿರುಗಿದರು. "ಹೇಳಪ್ಪ. ಏನಾಯ್ತು?"

ಅವನು ಒಂದೇ ಒಂದು ಸಲ ಅವಳ ಕಡೆ ನೋಡಿದ.

'ಹೇಳು... ಈಗ ಹೇಳು...' ಎಂದು ಅವಳ ಎದೆ ಬಡಿದುಕೊಂಡಿತು. ನಾಲಗೆ ಮೇಲೇಳಲಿಲ್ಲ. ನೂರು ಜನ! ಎದುರಿಗೇ ತಾತ!

"ತಪ್ಪು ನನ್ನದು" ಅಂದ ಅವನು. "ಪುಸ್ತಕದಲ್ಲಿ ಬರೆದೋನು ನಾನು."

ಅಷ್ಟೇ ಅಂದ. ಮರುದಿನ ಅವನನ್ನು ಆ ಕೆಲಸದಿಂದ ತೆಗೆದು ದೂರದ ದನದ ಸಂತೆಯ ಗೇಟಿಗೆ ಹಾಕಿದರು. ಲಾರಿಗಳ ಚಕ್ರಕ್ಕೆ ಔಷಧಿ ನೀರು ಹೊಡೆಯುವ ಕೆಲಸ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಎಲ್ಲರಿಗೂ ಗೊತ್ತು. ಇವಳು ಹೆಗಲು ಮುಟ್ಟಿಕೊಳ್ಳಲೂ ಹೆದರಿ, ಕೈ ಕಟ್ಟಿ ನಿಂತವಳು.

ಹದಿನೈದು ದಿನ ಅವಳು ಕೊಟ್ಟಿಗೆ ಬಿಟ್ಟು ಹೊರಬರಲಿಲ್ಲ. ಪಟಿಕದ ನೀರಲ್ಲಿ ಹಸುಗಳ ಬಾಯಿ ತೊಳೆದಳು. ಗೊರಸಿನ ಸಂದು ತೊಳೆದು ಮುಲಾಮು ತುಂಬಿದಳು. ಅಗಿಯಲಾರದ ಬಾಯಿಗೆ ತೆಳ್ಳಗೆ ಹಿಟ್ಟಿನ ಗಂಜಿ ಕಾಯಿಸಿ, ಆರಿಸಿ, ಬೋಗುಣಿ ಹಿಡಿದು ಕೂತಳು. ಎಳೆ ಹುಲ್ಲಿನ ಕುಡಿ ಒಂದೊಂದಾಗಿ ನಾಲಗೆಗಿಟ್ಟಳು. ಕಪ್ಪಿ ನೋವಿಗೆ ತಲೆ ಒದರಿ, ಮತ್ತೆ ಅವಳ ಅಂಗೈಯನ್ನೇ ಹುಡುಕುತ್ತಿತ್ತು.

"ಬೇಡ ಕಣೇ... ನನ್ನ ಮೇಲೆ ನಂಬಿಕೆ ಇಡಬೇಡ..." ಎಂದು ಅದರ ಕತ್ತು ತಬ್ಬಿ ಅತ್ತಳು.

ಮೂರೂ ಬದುಕಿದವು. ಒಂದು ಬೆಳಿಗ್ಗೆ ಕಪ್ಪಿ ತಾನಾಗಿ ಒಣಹುಲ್ಲು ಕಿತ್ತು ಅಗಿಯಿತು.

ಹಿಂದೆ ನಿಂತಿದ್ದ ಅತ್ತೆ ಕೇಳಿದರು. "ಹಸೂನ ಬಾಯಿ ಹುಣ್ಣು ಹದಿನೈದು ದಿನಕ್ಕೆ ಮಾಯಿತು. ನಿನ್ನ ಬಾಯಿಗೇನಾಗಿದೆ ಪುಟ್ಟಿ?"

ಅವಳು ತಿರುಗಿ ನೋಡಿದಳು. ಅತ್ತೆಗೆ ಎಲ್ಲ ಗೊತ್ತಿತ್ತು.

"ಅತ್ತೆ... ನಾನು..."

"ನನ್ನ ಹತ್ರ ಅಲ್ಲ. ಮೂರು ಸಲ ಬಾಗಿಲಿಂದ ವಾಪಸ್ ಹೋದವನು ನಾನಲ್ಲ."

ಮೈ ತೊಳೆದು, ಬಟ್ಟೆ ಬದಲಿಸಿ, ಕೊಟ್ಟಿಗೆ ತುಳಿಯದ ಚಪ್ಪಲಿ ಮೆಟ್ಟಿ ಅವಳು ಬಸ್ ಹತ್ತಿದಳು.

ಸಂತೆಯ ಗೇಟಿನಲ್ಲಿ ಅಡ್ಡಗಂಬ ಇಳಿಬಿಟ್ಟಿತ್ತು. ಅವನು ಬೆನ್ನಿಗೆ ಔಷಧಿ ಡಬ್ಬಿ ಕಟ್ಟಿಕೊಂಡು ಲಾರಿಯೊಂದರ ಚಕ್ರ ತೊಳೆಯುತ್ತಿದ್ದ. ಸೊರಗಿದ್ದ. ಅವಳನ್ನು ಕಂಡದ್ದೇ, "ಅಲ್ಲೇ ನಿಲ್ಲಿ!" ಅಂದ. ಹತ್ತಿರ ಬಂದು, ಅವಳ ಚಪ್ಪಲಿಗೂ ಔಷಧಿ ಹೊಡೆದ.

"ಹಸುಗಳು ಹೇಗಿವೆ?"

"ಎದ್ದಿವೆ."

"ಒಳ್ಳೇದಾಯ್ತು."

"ನನ್ನನ್ನ ಬೈರಿ!" ಎಂದು ಅವಳು ಸಿಡಿದಳು. "ನನ್ನ ಪಾಪ ನೀವ್ಯಾಕೆ ಹೊತ್ಕೊಂಡ್ರಿ? ನನ್ನ ಮೇಲಿನ ಪ್ರೀತಿಗೆ ಇಷ್ಟು ದೊಡ್ಡ ತ್ಯಾಗ ಮಾಡಿ..."

"ತ್ಯಾಗ?" ಅವನು ನಗಲಿಲ್ಲ. "ತ್ಯಾಗ ಅಲ್ಲ ರೀ. ಸುಳ್ಳು ಬರೆದೋನು ನಾನು. ಅದನ್ನ ಒಪ್ಕೊಂಡೆ. ನಿಮ್ಮ ಪಾಲು ನಿಮ್ಮ ಹತ್ರಾನೇ ಬಿಟ್ಟು ಬಂದಿದ್ದೀನಿ."

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

"ಮೂರನೇ ಸಲ ಬಂದಾಗ ಬಾಗಿಲ ಕೆಳಗಿನ ಸಂದಿಯಲ್ಲಿ ನಿಮ್ಮ ಕಾಲು ಕಾಣ್ತಿತ್ತು" ಅಂದ ಅವನು ಮೆಲ್ಲಗೆ. "ಹಸು ತರಲಿಲ್ಲ ಅಂತ ನನಗೆ ಕೋಪ ಇಲ್ಲ. ನನ್ನನ್ನ ನೋಡಿ ಅಡಗಿಕೊಂಡ್ರಲ್ಲ... ಅದು..."

ಬೆನ್ನಿನ ಡಬ್ಬಿಯ ಪಟ್ಟಿ ಬಿಗಿ ಮಾಡಿಕೊಂಡ.

"ಕ್ಷಮಿಸಿ..."

"ನಾನು ಕ್ಷಮಿಸಿದ್ರೆ ಏನು ಬಂತು? ಆ ಕಡೆ ಬೀದಿಯಲ್ಲಿ ನಲವತ್ತು ದನ ಈ ಸಲದ ಸೂಜಿ ಇಲ್ಲದೆ ನಿಂತಿವೆ. ಲಸಿಕೆ ಅಂದ್ರೆ ನೀರು ಅಂತ ನಂಬಿಬಿಟ್ಟಿದ್ದಾರೆ. ದೊಡ್ಡ ಡಾಕ್ಟ್ರು ಎರಡು ಸಲ ಹೋದ್ರೂ ಬಾಗಿಲು ಹಾಕ್ಕೊಂಡರು. ನಾನು ಹೋಗಿ ಹೇಳಿದ್ರೆ ತಪ್ಪಿಸ್ಕೊಳ್ಳೋಕೆ ಹೆಣ್ಣಿನ ಮೇಲೆ ಹಾಕ್ತಿದ್ದಾನೆ ಅಂತಾರೆ. ರೋಗ ಅಲ್ಲಿಗೆ ದಾಟೋದು ಇವತ್ತೋ ನಾಳೆಯೋ..."

ಹಿಂದೆ ಇನ್ನೊಂದು ಲಾರಿ ಹಾರ್ನ್ ಹೊಡೆಯಿತು. ಅವನು ತಿರುಗಿ ನಡೆದ.

ವಾಪಸ್ ಬರುವ ಬಸ್ಸಿನಲ್ಲಿ ಅವಳು ಅಳಲಿಲ್ಲ. ಅಳುವುದು ಸುಲಭ ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಮರುದಿನ ಬೆಳಿಗ್ಗೆ ಡೇರಿಯ ಸಾಲು. ಆರು ಹಸುಗಳ ಹಾಲು ಹೊತ್ತು ಬಂದವಳು ಕ್ಯಾನು ಕೆಳಗಿಟ್ಟು, ಅಳತೆ ಮೇಜಿನ ಮುಂದೆ ಹೋಗಿ ನಿಂತಳು.

"ಎಲ್ಲರೂ ಒಂದು ನಿಮಿಷ ಕೇಳಿ."

"ಏನಮ್ಮ, ಭಾಷಣಾನಾ?" ಎಂದು ಯಾರೋ ನಕ್ಕರು.

"ಲಸಿಕೆ ಕೆಟ್ಟಿರಲಿಲ್ಲ. ನಮ್ಮ ಮನೇಲಿ ಒಂಬತ್ತಕ್ಕೆ ಹಾಕಿಲ್ಲ. ಆರಕ್ಕೆ ಹಾಕಿದ್ದು. ಮೂರಕ್ಕೆ ನಾನೇ ಹಾಕಿಸ್ಲಿಲ್ಲ."

ಎಲ್ಲರೂ ಅವಳತ್ತ ತಿರುಗಿದರು.

"ಹಾಲು ಇಳಿಯುತ್ತೆ, ಮೊದಲ ಜಾಗ ಹೋಗುತ್ತೆ ಅಂತ. ನಾಳೆ ಹಾಕಿಸ್ತೀನಿ ಅಂತ ಸುಳ್ಳು ಹೇಳಿ ಒಂಬತ್ತು ಅಂತ ಬರೆಸಿದೆ. ಹಾಕಿಸ್ದೇ ಇದ್ದ ಮೂರೇ ಬಿದ್ದಿದ್ದು. ಹಾಕಿಸಿದ ಆರೂ ಅದೇ ಗೋದಲೀಲಿ ತಿಂದು ನೆಟ್ಟಗಿವೆ. ನಮ್ಮ ಕೊಟ್ಟಿಗೆಯಿಂದಲೇ... ತಾತನ ಕರುಗಳು..."

ಸಾಲಿನಲ್ಲಿದ್ದ ತಾತನ ಮುಖ ಅವಳಿಗೆ ಕಂಡಿತು. ಆದರೂ ನಿಲ್ಲಿಸಲಿಲ್ಲ.

"ನನ್ನನ್ನ ಏನು ಬೇಕಾದ್ರೂ ಅನ್ನಿ. ಆದ್ರೆ ಇವತ್ತೇ ನಿಮ್ಮ ದನಕ್ಕೆ ಸೂಜಿ ಹಾಕಿಸಿ. ನನ್ನ ಸುಳ್ಳು ನಂಬ್ಕೊಂಡು ದನ ಕಳ್ಕೋಬೇಡಿ."

ಒಬ್ಬರು ಥೂ ಅಂದರು. ಇನ್ನೊಬ್ಬರು, "ಮೊದಲ ಜಾಗವಂತೆ ಮೊದಲ ಜಾಗ! ಬೆಂಕಿ ಬೀಳಲಿ!" ಅಂದರು. ಅವಳು ತಲೆ ತಗ್ಗಿಸಿ ನಿಂತಿದ್ದಳು.

ಗಿರಣಿ ತಾತ ಜನರನ್ನು ಸರಿಸಿ ಮುಂದೆ ಬಂದರು. ಮೈ ತುಂಬ ಹಿಟ್ಟಿನ ಧೂಳು.

"ಕರು ಬಿದ್ದಾಗ ನಾನು ಯಾರನ್ನ ಶಪಿಸಿದೆ ಗೊತ್ತಾ? ಆ ಹುಡುಗನ್ನ. ಕೈ ಬಿದ್ದು ಹೋಗಲಿ ಅಂದೆ. ಆ ಮಾತು ನನ್ನ ಬಾಯಲ್ಲಿ ಬರಿಸಿದ್ದು ನೀನು."

"ಹೌದು ತಾತ."

"ನನಗೆ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಯುತ್ತೋ ಇಲ್ವೋ ಗೊತ್ತೂ ಇಲ್ಲ." ತಾತ ಜನರತ್ತ ತಿರುಗಿದರು. "ಆದ್ರೆ ಸಿಟ್ಟಿಗೆ ದನ ಸಾಯಿಸೋಷ್ಟು ಮುಠ್ಠಾಳರು ನಾವಲ್ಲ. ಡಾಕ್ಟ್ರಿಗೆ ಹೇಳಿಕಳಿಸ್ರಿ. ನಲವತ್ತು ದನಾನೂ ಇವಳೇ ಹಿಡೀಬೇಕು. ಒದೆ ತಿಂದ್ರೆ ತಿನ್ನಲಿ!"

ತಿಂದಳು. ಮೊದಲ ಮನೆಯ ಎಮ್ಮೆಯೇ ಮೊಣಕಾಲಿಗೆ ಒದೆಯಿತು. ಒಂದು ಮನೆಯಲ್ಲಿ ಯಜಮಾನಿ ಅವಳೊಡನೆ ಮಾತಾಡಲಿಲ್ಲ, ಇನ್ನೊಂದರಲ್ಲಿ ಮಾತಾಡಿದ್ದೇ ಹೆಚ್ಚಾಯಿತು. ಪ್ರತಿ ಬಾಗಿಲಲ್ಲೂ ಕಾಲು ತೊಳೆದು, ಪ್ರತಿ ದನದ ತಲೆಯನ್ನೂ ಎದೆಗೊತ್ತಿ ಹಿಡಿದಳು. ಮೊದಲ ಹನ್ನೆರಡಕ್ಕೆ ದೊಡ್ಡ ಡಾಕ್ಟರೇ ಸೂಜಿ ಹಾಕಿದರು.

ಹದಿಮೂರನೆಯದು ಒಂದು ಪಡ್ಡೆ ಹಸು. ಅದರ ಕಿವಿಯ ಹಿಂದೆ ಕೆರೆಯುತ್ತಾ ಸಮಾಧಾನ ಮಾಡುತ್ತಿದ್ದವಳಿಗೆ ಬೆನ್ನ ಹಿಂದೆ ಐಸ್ ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು ಕೇಳಿತು.

"ಬಿಗಿಯಾಗಿ ಹಿಡೀರಿ. ಇದು ತುಂಟ."

ಆ ದನಿ!

ಅವಳು ತಿರುಗಲಿಲ್ಲ. ತಿರುಗಿದರೆ ಹಿಡಿತ ಸಡಿಲಾಗುತ್ತದೆ. ಸೂಜಿ ಒಳಹೋಗಿ ಹೊರಬಂದ ಮೇಲೆಯೇ ಮುಖ ಎತ್ತಿದಳು.

"ನಿಮ್ಮನ್ನ... ವಾಪಸ್ ತಗೊಂಡ್ರಾ?"

"ಇವತ್ತೊಂದು ದಿನಕ್ಕೆ. ಸುಳ್ಳು ಬರೆದಿದ್ದಕ್ಕೆ ಇನ್ನೂ ಮೂರು ತಿಂಗಳು ಗೇಟಿನ ಕೆಲಸಾನೇ. ಈ ಬೀದಿ ದನಗಳಿಗೆ ನನ್ನ ಕೈ ಪರಿಚಯ ಅಂತ ಡಾಕ್ಟ್ರು ಕರೆಸಿದ್ರು." ಸೂಜಿ ಬದಲಿಸುತ್ತಾ ಅಂದ. "ನೀವು ಸಾಲಲ್ಲಿ ನಿಂತು ಹೇಳಿದ್ದನ್ನ ಗೇಟಿಗೆ ಬಂದ ಲಾರಿಯವನೊಬ್ಬ ನನಗೆ ಹೇಳಿದ."

"ಬೇಗ ಹೇಳಬೇಕಿತ್ತು. ಕರುಗಳು ವಾಪಸ್ ಬರಲ್ಲ..."

"ಬರಲ್ಲ." ಅವನು ಅದನ್ನು ಸಿಹಿ ಮಾಡಿ ಹೇಳಲಿಲ್ಲ. "ನಾನೂ ಒಂದು ಹೇಳೋದು ಬಾಕಿ ಇದೆ. ಅವತ್ತು ಒಂಬತ್ತು ಅಂತ ಯಾಕೆ ಬರೆದೆ ಗೊತ್ತಾ?"

"ನಾನು ಬೇಡಿಕೊಂಡೆ ಅಂತ..."

"ಅಲ್ಲ. ಬೇಡ ಅನ್ನೋ ಧೈರ್ಯ ನನಗಿತ್ತು. ಆದ್ರೆ ಆ ಮೂರಕ್ಕೂ ಅವತ್ತೇ ಹಾಕಿಬಿಟ್ರೆ ನೀವು ಮರುದಿನ ಬರೋಕೆ ಕಾರಣ ಇರ್ತಿರಲಿಲ್ಲ. ಮೂರು ಹಸು ಹೊಡ್ಕೊಂಡು ನೀವು ಆ ದಾರೀಲಿ ನಡ್ಕೊಂಡು ಬರೋದನ್ನ ನೋಡಬೇಕು ಅನ್ನಿಸ್ತು. ಅಷ್ಟಕ್ಕೇ ಬರೆದೆ." ಅವನ ಕಣ್ಣು ತುಂಬಿತ್ತು. "ಆ ಕರುಗಳ ಲೆಕ್ಕದಲ್ಲಿ ನನ್ನ ಆಸೇನೂ ಇದೆ."

ಇಷ್ಟು ದಿನ ಒಬ್ಬಳೇ ಹೊತ್ತು ಬಾಗಿದ್ದ ಬೆನ್ನಿನ ಪಕ್ಕದಲ್ಲೇ ಇನ್ನೊಂದು ಬೆನ್ನೂ ಅಷ್ಟೇ ಬಾಗಿತ್ತು! ಭಾರ ಕಮ್ಮಿಯಾಗಲಿಲ್ಲ. ಜೊತೆಯಾಯಿತು.

ಮೊದಲ ಸಲ ಅವಳು 'ನೀವು' ಬಿಟ್ಟಳು.

"ಅಷ್ಟು ಆಸೆ ಇದ್ದೋನು ಬಾಯಿ ಬಿಟ್ಟು ಹೇಳಬೇಕಿತ್ತು ಕಣೋ. ಹಸು ಇಲ್ಲದೆಯೂ ಬರ್ತಿದ್ದೆ."

"ಈಗ ಹೇಳಿದ್ರೆ?"

"ಇನ್ನೂ ಇಪ್ಪತ್ತೇಳು ದನ ಇವೆ. ಅವು ಮುಗೀಲಿ."

"ಮುಗಿದ ಮೇಲೆ?"

ಅವಳು ಮುಂದಿನ ಹಸುವಿನ ಹಗ್ಗ ಬಿಚ್ಚುತ್ತಾ, ತಿರುಗದೆಯೇ ಅಂದಳು. "ತಾತನ ಹತ್ರ ಹೋಗೋಣ, ಇಬ್ಬರೂ. ನೀನು ಹೇಳಿದ್ದನ್ನ ಅವರಿಗೂ ಹೇಳು. ಬೈದ್ರೆ ಜೊತೇಲೇ ಬೈಸ್ಕೊಳೋಣ. ಆಮೇಲೆ ಅತ್ತೆ ಹತ್ರ."

"ಅತ್ತೆ ಒಪ್ತಾರಾ?"

"ಅವರು ಕೇಳೋದು ಒಂದೇ. ಹಾಲು ಕರೆಯೋಕೆ ಬರುತ್ತಾ ಅಂತ."

"ಬರಲ್ಲ..." ಅವನ ಮುಖ ಸಪ್ಪಗಾಯಿತು.

ಅವಳು ತಿರುಗಿದಳು. ಕೆನ್ನೆಯ ಮೇಲೆ ಕಣ್ಣೀರು, ಅದರ ಮೇಲೆ ಹಸುವಿನ ಜೊಲ್ಲು, ಎಲ್ಲದರ ನಡುವೆ ತಿಂಗಳ ನಂತರದ ಮೊದಲ ನಗು.

"ಕಲಿಸ್ತೀನಿ ಬಾ."